ದೂರದ ಜೊತೆಗಾರರ ನೋಟ

ಹೋದ ತಿಂಗಳು ಅಮ್ಮನಿಗೆ ನೀರಿನ ಫಿಲ್ಟರಿನ ಕ್ಯಾಂಡಲ್ ಬದಲಿಸುವುದನ್ನು ವಿಡಿಯೊ ಕರೆಯಲ್ಲಿ ಹೇಳಿಕೊಡುತ್ತಿದ್ದೆ. ಮಾತಾಡುವವರಿಗೆ ಮುಖ ತೋರಿಸಬೇಕೆಂಬ ಸಹಜ ಸೌಜನ್ಯದಿಂದ ಅವಳು ಫೋನನ್ನು ತನ್ನ ಮುಖದ ಎದುರಿಗೇ ಹಿಡಿದಿದ್ದಳು. ನನಗೆ ಕಾಣಬೇಕಿದ್ದದ್ದು ಅವಳ ಕೈ. ಫೋನನ್ನು ಡಬ್ಬಿಯೊಂದಕ್ಕೆ ಒರಗಿಸಿಡಲು ಹೇಳಿದ ಮೇಲಷ್ಟೇ ವಾಷರ್ ತಿರುವುಮುರುವಾಗಿ ಕೂತಿರುವುದು ತಿಳಿಯಿತು.

ಈ ಅನುಭವಕ್ಕೆ ಅಳತೆಯ ಆಧಾರವೂ ಇದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸೂಸನ್ ಫಸೆಲ್ ಮತ್ತು ಸಂಗಡಿಗರು, ಕೈಕೆಲಸದಲ್ಲಿ ಇನ್ನೊಬ್ಬರಿಗೆ ನೆರವಾಗುವವರ ಕಣ್ಣು ಎಲ್ಲೆಲ್ಲಿ ಹರಿಯುತ್ತದೆಂಬುದನ್ನು ಐ ಟ್ರ್ಯಾಕರ್ ಬಳಸಿ ದಾಖಲಿಸಿ 2003ರಲ್ಲಿ ಪ್ರಕಟಿಸಿದರು. ನೆರವಾಗುವವರು ಜೊತೆಗಾರರ ಮುಖವನ್ನು ನೋಡಿದ್ದು ಅಪರೂಪ. ಕೈಗಳು, ಬಿಡಿಭಾಗಗಳು, ಸಿದ್ಧವಾಗುತ್ತಿದ್ದ ವಸ್ತು ಮತ್ತು ಸೂಚನಾ ಪತ್ರ, ಇವುಗಳ ನಡುವೆ ಅವರ ನೋಟ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿತ್ತು. ಇಷ್ಟು ವರ್ಷಗಳ ನಂತರವೂ ನಮ್ಮ ವಿಡಿಯೊ ಕರೆಗಳು ಮುಖಗಳ ಚೌಕಗಳನ್ನೇ ಮುಂದಿಡುತ್ತಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ನೋಟವನ್ನು ದಾಖಲಿಸುವ ಐ ಟ್ರ್ಯಾಕರ್ ಉಪಕರಣವು ಬರಿಗಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಕಣ್ಣಿನ ಮೇಲೆ ಬೀರಿ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ ಮೂಡುವ ಹೊಳಪಿನ ಚುಕ್ಕೆಗೂ ಪಾಪೆಯ ನಡುವಿಗೂ ಇರುವ ಅಂತರದಿಂದ ನೋಟದ ದಿಕ್ಕನ್ನು ಲೆಕ್ಕಹಾಕುತ್ತದೆ. ಅರ್ಧ ಡಿಗ್ರಿಯಷ್ಟು ತಪ್ಪಿದರೂ 60 ಸೆಂಟಿಮೀಟರ್ ದೂರದ ಪರದೆಯಲ್ಲಿ ಅದು ಸುಮಾರು ಅರ್ಧ ಸೆಂಟಿಮೀಟರ್ ಆಗುವುದರಿಂದ, ಒತ್ತೊತ್ತಾಗಿರುವ ಎರಡು ಪದಗಳಲ್ಲಿ ಯಾವುದನ್ನು ನೋಡಿದರೆಂದು ಖಚಿತವಾಗಿ ಹೇಳುವುದು ಕಷ್ಟ.

ನನ್ನನ್ನು ಹೆಚ್ಚು ಸೆಳೆದದ್ದು ಇಬ್ಬರ ನೋಟಗಳನ್ನು ಜೋಡಿಸಿ ನೋಡುವ ಅಧ್ಯಯನಗಳು. ಡೇನಿಯಲ್ ರಿಚರ್ಡ್‌ಸನ್ ಮತ್ತು ರಿಕ್ ಡೇಲ್ 2005ರಲ್ಲಿ ತೋರಿಸಿದಂತೆ, ಒಂದೇ ಚಿತ್ರಗಳನ್ನು ನೋಡುತ್ತಿರುವಾಗ ಕೇಳುಗರ ಕಣ್ಣು ಮಾತುಗಾರರ ಕಣ್ಣನ್ನು ಸುಮಾರು 2 ಸೆಕೆಂಡು ತಡವಾಗಿ ಹಿಂಬಾಲಿಸುತ್ತದೆ, ಮತ್ತು ಹೀಗೆ ಹೆಚ್ಚು ಹಿಂಬಾಲಿಸಿದವರಿಗೆ ವಿಷಯ ಹೆಚ್ಚು ಅರ್ಥವಾಗಿರುತ್ತದೆ. 2008ರಲ್ಲಿ ಸೂಸನ್ ಬ್ರೆನನ್ ತಂಡವು, ಬೇರೆ ಬೇರೆ ಪರದೆಗಳ ಮುಂದೆ ಕುಳಿತು ಒಂದೇ ಗುರಿಯನ್ನು ಹುಡುಕುವ ಇಬ್ಬರಿಗೆ ಪರಸ್ಪರರ ನೋಟ ಎಲ್ಲಿದೆ ಎಂಬುದನ್ನು ಪರದೆಯ ಮೇಲೆಯೇ ಗುರುತಿಸಿ ತೋರಿಸಿತು. ಆಗ ಅವರು ಒಬ್ಬರೇ ಹುಡುಕುವುದಕ್ಕಿಂತ ಎರಡು ಪಟ್ಟು ಬೇಗ ಹುಡುಕಿದರು. ನೋಟದ ಜೊತೆಗೆ ಮಾತಿಗೂ ಅವಕಾಶ ಕೊಟ್ಟಾಗ ವೇಗ ತಗ್ಗಿತು, ಏಕೆಂದರೆ ಮಾತಾಡಿ ಹೊಂದಿಸಿಕೊಳ್ಳುವುದಕ್ಕೂ ಸಮಯ ಹಿಡಿಯುತ್ತದೆ.

ಆದರೆ ಇದೇ ಉಪಕರಣದಿಂದ ಸಭೆಯಲ್ಲಿ ಕುಳಿತವರ ಗಮನಕ್ಕೆ ಅಂಕ ಕೊಡುವ ಆಲೋಚನೆಯನ್ನು ನಾನು ಒಪ್ಪಲಾರೆ. ಕಷ್ಟದ ಪ್ರಶ್ನೆಗೆ ಉತ್ತರ ನೆನಪಿಸಿಕೊಳ್ಳುವಾಗ ಜನರು ನೋಟವನ್ನು ಬೇರೆಡೆಗೆ ಹೊರಳಿಸುತ್ತಾರೆ, ಮತ್ತು ಅದರಿಂದ ನೆನಪಿಗೆ ನೆರವಾಗುತ್ತದೆ ಎಂದು ಆರ್ಥರ್ ಗ್ಲೆನ್‌ಬರ್ಗ್ ಮತ್ತು ಸಂಗಡಿಗರು 1998ರಲ್ಲೇ ತೋರಿಸಿದ್ದಾರೆ. ಹಾಗೆ ಕಿಟಕಿಯತ್ತ ನೋಡುತ್ತ ಯೋಚಿಸುತ್ತಿರುವವರನ್ನು ಯಂತ್ರವು ಗೈರುಹಾಜರೆಂದು ಬರೆದುಕೊಳ್ಳುತ್ತದೆ.