ಮೂರನೇ ಸಲ ಅಜ್ಜಿ ಸಾಮಿಯಲ್ಲಿ ಮಾತಾಡಿದ್ರು

ಶನಿವಾರ ಉತ್ತರ ಫಿನ್ಲೆಂಡಿನ ಇನಾರಿಯ ಅಂಗಡಿಯಲ್ಲಿ ನೋಡಿದ್ದು ಇನ್ನೂ ತಲೆಯಿಂದ ಹೋಗ್ತಿಲ್ಲ. ಕ್ಯೂನಲ್ಲಿ ನನ್ನ ಮುಂದೆ ಒಬ್ರು ಅಜ್ಜಿ, ಜೊತೆಗೆ ನಾಲ್ಕೈದು ವರ್ಷದ ಮೊಮ್ಮಗಳು. ಮಗು ಚಾಕ್ಲೇಟ್ ತೋರಿಸಿ ಸಾಮಿಯಲ್ಲಿ, ಅಂದ್ರೆ ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಭಾಷೆಯಲ್ಲಿ, ಏನೋ ಕೇಳ್ತು, ಅಜ್ಜಿ ಫಿನ್ನಿಶ್‌ನಲ್ಲಿ "ಊಟ ಆದ್ಮೇಲೆ" ಅಂದ್ರು. ಮಗು ಮತ್ತೆ ಸಾಮಿಯಲ್ಲೇ, ಅಜ್ಜಿ ಮತ್ತೆ ಫಿನ್ನಿಶ್. ಮೂರನೇ ಸಲ ಅಜ್ಜಿ ಒಮ್ಮೆ ಆಚೀಚೆ ನೋಡಿ, ದನಿ ತಗ್ಗಿಸಿ, ಸಾಮಿಯಲ್ಲೇ ಉತ್ತರ ಕೊಟ್ರು.

ಆ ಆಚೀಚೆ ನೋಡಿದ್ದು ಇದ್ಯಲ್ಲ, ಅದೇ ನನ್ನನ್ನ ಕಾಡ್ತಿರೋದು. ತಮ್ಮೂರಲ್ಲೇ, ತಮ್ಮ ಮೊಮ್ಮಗಳ ಹತ್ರ ಮಾತಾಡೋಕೆ ಯಾಕೆ ಸುತ್ತ ನೋಡ್ಬೇಕು? ಆ ಅಜ್ಜಿ ಕತೆ ನಂಗೆ ಗೊತ್ತಿಲ್ಲ, ಆದ್ರೆ ಅವರ ವಯಸ್ಸಿನ ಎಷ್ಟೋ ಸಾಮಿಗಳು ಏಳು ವರ್ಷಕ್ಕೇ ಮನೆ ಬಿಟ್ಟು ಸ್ಕೂಲ್ ಹಾಸ್ಟೆಲ್ ಸೇರಿದವರು, ಅಲ್ಲಿ ಫಿನ್ನಿಶ್ ಬಿಟ್ಟು ಬೇರೆ ಬಾಯಿ ಬಿಟ್ರೆ ಬೈಗುಳ, ಶಿಕ್ಷೆ. ಅವರೇ ಮುಂದೆ ಅಪ್ಪ ಅಮ್ಮ ಆದಾಗ ಮಕ್ಕಳಿಗೆ ಆ ಕಷ್ಟ ಬೇಡ ಅಂತ ಫಿನ್ನಿಶ್ ಕಲಿಸಿದ್ರು. ಅವರನ್ನ ದೂರೋಕೆ ನಂಗಂತೂ ಮನಸ್ಸು ಬರಲ್ಲ.

ಮೊಮ್ಮಗಳಿಗೆ ಆ ಹೆದರಿಕೆನೇ ಇಲ್ಲ ನೋಡಿ! ಇಲ್ಲಿ 1997ರಲ್ಲಿ, ಈ ಕಡೆಯ ಸಾಮಿ ಭಾಷೆಯಾದ ಇನಾರಿ ಸಾಮಿಯ ಮೊದಲ 'ಭಾಷಾಗೂಡು' ಶುರುವಾಯ್ತು, ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿಗಳು 1982ರಲ್ಲಿ ಶುರು ಮಾಡಿದ್ದ ತಮ್ಮ ಭಾಷೆಯ ಶಿಶುವಿಹಾರಗಳ ಮಾದರೀಲಿ. ಆಟ, ಊಟ, ಜಗಳ, ನಿದ್ದೆ ಎಲ್ಲ ಸಾಮಿಯಲ್ಲೇ, ಮಕ್ಕಳು ಏನಂದ್ರೂ ಟೀಚರ್ ಉತ್ತರ ಮಾತ್ರ ಸಾಮಿಯಲ್ಲಿ. ಆಗ ಈ ಭಾಷೆ ಆಡೋ ಮಕ್ಕಳು ಬೆರಳೆಣಿಕೆ ಅಷ್ಟೇ. ಟೀಚರ್‌ಗಳೇ ಸಿಗದೇ ಹೋದಾಗ 2009ರಲ್ಲಿ 17 ಜನ ದೊಡ್ಡವರನ್ನ ಒಂದು ವರ್ಷ ಕೂರಿಸಿ ಕಲಿಸಿದ್ರು, ಬರೀ ಕ್ಲಾಸಲ್ಲಲ್ಲ, ಹಿರಿಯರ ಮನೆಗೆ ಹೋಗಿ ಅವರ ಜೊತೆ ಕೆಲಸ ಮಾಡ್ತಾ. ಇದು ಸರೋವರದ ಮೀನು ನಂಬಿ ಬದುಕಿದ ಜನರ ಭಾಷೆ, ಬಲೆ ಮುಟ್ಟದೇ ಪುಸ್ತಕದಲ್ಲಿ ಎಷ್ಟು ಅಂತ ಕಲೀಬಹುದು?

ಸೋಮವಾರ ಇದನ್ನೆಲ್ಲ ಆಫೀಸಲ್ಲಿ ಹೇಳಿದ್ರೆ ಒಬ್ರು "ನಾನೂರು ಜನ ಆಡೋ ಭಾಷೆಗೆ ಇಷ್ಟು ಖರ್ಚಾ?" ಅಂದ್ರು. ಒಳ್ಳೆ ಮನುಷ್ಯ, ಆದ್ರೂ ಆ ಮಾತು ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಆ ಸಂಖ್ಯೆ ಅಷ್ಟಕ್ಕೆ ಇಳಿಯೋಕೆ ಸರ್ಕಾರಿ ದುಡ್ಡಲ್ಲಿ ನಡೆದ ಶಾಲೆಗಳೂ ಕಾರಣ ತಾನೇ? ಹಾಗಾದ್ರೆ ಈಗಿನ ಖರ್ಚು ಸರ್ಕಾರದ್ದೇ ಆಗ್ಬೇಕು, ಅದೂ ಇನಾರಿಗೆ ಮಾತ್ರ ಅಲ್ಲ. ಫಿನ್ಲೆಂಡಿನ ಸಾಮಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಈಗ ತಮ್ಮ ಸೀಮೆ ಬಿಟ್ಟು ಹೆಲ್ಸಿಂಕಿ, ಔಲು ಕಡೆ ಇದ್ದಾರೆ, ಅಲ್ಲಿ ಹುಟ್ಟಿದ ಮಕ್ಕಳಿಗೆ ಸ್ಕೂಲಲ್ಲಿ ಸಾಮಿ ಕಲಿಯೋ ಹಕ್ಕು ಇಲ್ಲಿಯಷ್ಟು ಗಟ್ಟಿಯಾಗಿಲ್ಲ.