ಮೊದಲ ಮಳೆಗೆ ಪಂಪು ನಿಲ್ಲಿಸಬೇಡಿ

ಮೇ ಮೊದಲ ವಾರ, ಉಡುಪಿಯ ಪಡುಕೆರೆ. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಹೊಳೆ, ನಡುವೆ ಉದ್ದಕ್ಕೆ ಮರಳಿನ ಪಟ್ಟಿ. ಬೆಳಿಗ್ಗೆ ಮೋಡ ಕಟ್ಟಿ ನಾಲ್ಕು ಹನಿ ಉದುರಿತು, ಅಂಗಳದ ಧೂಳು ಅಡಗುವಷ್ಟು. ಮಾವು, ಚಿಕ್ಕು, ಪೇರಳೆಗಳಿಗೆ ಡ್ರಿಪ್ ಓಡುತ್ತಿತ್ತು. ಮನೆಯ ಅಕ್ಕ ಸ್ವಿಚ್ಚಿಗೆ ಕೈ ಹಾಕಿದರು: "ಮಳೆ ಬಂತಲ್ಲ, ಇನ್ನು ಕರೆಂಟು ಸುಮ್ಮನೆ ಯಾಕೆ ಮಾರಾಯ್ರೆ?"

"ಬೇಡ ಅಕ್ಕ, ಇವತ್ತೇ ಓಡಬೇಕು," ಎಂದೆ.

ಕಾರಣ ಅಲ್ಲೇ ಮಾವಿನ ಬುಡದಲ್ಲಿ ಕಾಣುತ್ತಿತ್ತು. ಡ್ರಿಪ್ಪಿನ ಹನಿ ಬೀಳುವಲ್ಲಿ ಮರಳು ಕಪ್ಪಗೆ ಒದ್ದೆ. ಅಲ್ಲಿಂದ ಒಂದೂವರೆ ಅಡಿ ದೂರದಲ್ಲಿ, ತೇವ ಮುಗಿಯುವ ಅಂಚಿಗೆ, ಸುತ್ತಲೂ ಬಿಳಿ ಬಳೆಯಂಥ ಗೆರೆ. ಬಾವಿಯ ನೀರಿನ ಉಪ್ಪನ್ನು ಹನಿ ಹೊರಕ್ಕೆ ತಳ್ಳುತ್ತಾ ಹೋಗುತ್ತದೆ, ಬಿಸಿಲು ಅದನ್ನು ಅಂಚಿನಲ್ಲಿ ಒಣಗಿಸಿ ಇಡುತ್ತದೆ. ಡಿಸೆಂಬರಿನಿಂದ ಕೂಡಿದ ಉಪ್ಪು ಅದು. ಬುಡದ ಮರಳು ಒಂದು ಪಾಲಿಗೆ ಐದು ಪಾಲು ಮಳೆನೀರು ಹಾಕಿ, ಕಲಕಿ, ತಿಳಿಯಾದ ಮೇಲೆ ಇಸಿ ಮೀಟರು (ನೀರಿನ ಉಪ್ಪು ಅಳೆಯುವ ಉಪಕರಣ, ಅಂಕಿ ಏರಿದಷ್ಟೂ ಉಪ್ಪು ಹೆಚ್ಚು) ಅದ್ದಿದರೆ 0.2 dS/m ಬಂತು. ಗೆರೆಯ ಮರಳಿನದ್ದು 1.9.

ಡ್ರಿಪ್ ನಿಲ್ಲಿಸಿದ ಮೇಲೆ ಬರುವ ಸಣ್ಣ ಮಳೆ ಈ ಗೆರೆಯನ್ನು ಕರಗಿಸಿ ನೇರ ಬೇರಿನ ಮೇಲೆ ತಂದು ಬಿಡುತ್ತದೆ. ಪಾತಾಳಕ್ಕೆ ಇಳಿಸುವಷ್ಟು ಬಲ ಆ ಮಳೆಗಿಲ್ಲ. ಏಪ್ರಿಲ್ ಇಡೀ ತಾಳಿಕೊಂಡ ಮಾವು ಮಳೆ ಬಿದ್ದ ವಾರದಲ್ಲಿ ಎಲೆಯಂಚು ಸುಟ್ಟುಕೊಳ್ಳುವುದು ಹೀಗೆ. ಜನ ರೋಗವೆಂದು ಔಷಧಿ ಹೊಡೆಯುತ್ತಾರೆ! ಅಂಗಳದಲ್ಲಿ ನೇರ ಗೋಡೆಯ ಒಂದು ಡಬ್ಬಿ ಇಡಿ. ಮಳೆ ಬಂದಾಗಲೆಲ್ಲ ಸ್ಕೇಲಿನಿಂದ ಅಳೆದು ಚೆಲ್ಲಿ. ಕೆಲವೇ ದಿನಗಳೊಳಗೆ ಒಟ್ಟು 50 ಮಿಲಿಮೀಟರು ಆಗುವವರೆಗೆ ಡ್ರಿಪ್ ಓಡಲಿ, ಮಳೆ ಸುರಿಯುತ್ತಿದ್ದಾಗಲೂ.

ಆ ಮಧ್ಯಾಹ್ನ ಬಾವಿಯನ್ನೂ ನೋಡಿದ್ದಾಯಿತು. ಇಂಥ ಕಡೆ ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲಿ ನಿಂತಿರುತ್ತದೆ. ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ, ತಳಕ್ಕೆ ಇಳಿಸಿ ಬಿರಡೆ ಎಳೆದರೆ ತಳದ ನೀರು ಸಿಗುತ್ತದೆ. ಮೇಲಿನದ್ದು 0.8 ತೋರಿಸಿತು, ತಳದ್ದು 2.6. ಪಂಪಿನ ಪೈಪು ನೀರು ಎಳೆಯುವ ತುದಿ, ಅಂದರೆ ಫುಟ್‌ವಾಲ್ವ್, ಇದ್ದದ್ದು ತಳದಿಂದ ಒಂದೇ ಅಡಿ ಮೇಲೆ! ಅದನ್ನು ಎತ್ತಿ, ನೀರಿನ ಮಟ್ಟದಿಂದ ಎರಡು ಅಡಿ ಕೆಳಗೆ ನಿಲ್ಲುವಂತೆ ಕಟ್ಟಿಸಿದೆವು. ಎರಡು ಗಂಟೆ ಒಂದೇ ಸಮ ಓಡಿಸುವ ಬದಲು ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ನೀರು ಇಳಿದಂತೆ ಪೈಪನ್ನೂ ಇಳಿಸುತ್ತಿರಬೇಕು, ಮರೆತರೆ ಪಂಪು ಗಾಳಿ ಎಳೆಯುತ್ತದೆ. ನೀರಾವರಿಗೆ 0.7ರ ಒಳಗಿನ ನೀರಿನ ಚಿಂತೆಯಿಲ್ಲ, 3 ದಾಟಿದ್ದನ್ನು ಹಣ್ಣಿನ ಗಿಡಕ್ಕೆ ಹಾಕುವುದೇ ಬೇಡ. ನಡುವಿನದ್ದಾದರೆ ಗಿಡಕ್ಕೆ ಬೇಕಾದ್ದಕ್ಕಿಂತ ಐದರಲ್ಲೊಂದು ಪಾಲು ಹೆಚ್ಚು ಕೊಡಿ, ಆ ಹೆಚ್ಚಿನ ನೀರೇ ಉಪ್ಪನ್ನು ಕೆಳಗೆ ಒಯ್ಯುವುದು. ದಿನಾ ಒಂದೊಂದು ಚೊಂಬು ಚಿಮುಕಿಸುವುದು ಎಲ್ಲಕ್ಕಿಂತ ಕೆಟ್ಟದ್ದು.

ಎಲೆ ಸುಟ್ಟದ್ದೆಲ್ಲ ನೀರಿನ ತಪ್ಪಲ್ಲ. ಸಮುದ್ರದ ಕಡೆಯ ಎಲೆ ಮಾತ್ರ ಸುಟ್ಟಿದ್ದರೆ ಅದು ಗಾಳಿಯ ಉಪ್ಪು. ಮರದ ಸುತ್ತಲೂ ಹಳೆಯ ಎಲೆಗಳ ತುದಿ, ಅಂಚು ಕಂದಿದ್ದರೆ ಬೇರಿನದ್ದು ಎಂದು ಅನುಮಾನಿಸಬೇಕು. ಗಾಳಿಗೆ ಎತ್ತರದ ಕಂಪೌಂಡು ಉಪಾಯವಲ್ಲ, ಗೋಡೆ ಹಾರಿದ ಗಾಳಿ ಆಚೆ ಸುಳಿದು ಗಿಡದ ಮೇಲೇ ಬೀಳುತ್ತದೆ. ಅರ್ಧ ಗಾಳಿ ಸೋಸಿ ಬರುವ ಸುರಹೊನ್ನೆ ಅಥವಾ ಗಾಳಿಮರದ ಸಾಲು ಒಳ್ಳೆಯದು. ಅದರ ಹಿಂದೆ ಮೊದಲು ತೆಂಗು, ಚಿಕ್ಕು. ಪೇರಳೆ ಆಮೇಲೆ. ಮಾವು, ಲಿಂಬೆ, ಬೆಣ್ಣೆಹಣ್ಣು ಮನೆಯ ಮರೆಗೆ.

ಗೊಬ್ಬರದಲ್ಲೂ ಉಪ್ಪು ಬರುತ್ತದೆ. ಅಂಗಡಿಯಲ್ಲಿ ಪೊಟ್ಯಾಷ್ ಎಂದರೆ ಕೊಡುವ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ತೂಕದ ಅರ್ಧದ ಹತ್ತಿರ ಕ್ಲೋರೈಡೇ, ಅಡುಗೆ ಉಪ್ಪಿನಲ್ಲಿರುವಂಥದ್ದೇ. ಮಾವು, ಲಿಂಬೆಗೆ ಸಲ್ಫೇಟ್ ಆಫ್ ಪೊಟ್ಯಾಷ್ ಕೇಳಿ ತನ್ನಿ. ಉಪ್ಪು ಹಾಕಿದ ಮೀನಿನ ಗೊಬ್ಬರ ಹಾಕುವುದಿದ್ದರೆ ಜೂನಿನಲ್ಲಿ ಹಾಕಿ, ಮಳೆ ತೊಳೆಯಲಿ. ಉಪ್ಪುಮಣ್ಣು ಸರಿಪಡಿಸಲು ಹಾಕುವ ಜಿಪ್ಸಂ ಹೊಳೆ ಬದಿಯ ಅಂಟುಮಣ್ಣಿಗೆ ಮಾತ್ರ, ಮರಳಿಗೆ ದಂಡ.

ಹೊಸ ಸಸಿ ನೆಡುವವರು ಮಳೆ ಹಿಡಿದ ಮೇಲೆ ನೆಡಿ, ಬೇಸಿಗೆಯೊಳಗೆ ಬೇರು ಆಳಕ್ಕೆ ಇಳಿದಿರುತ್ತದೆ. ಮೂರು ಅಡಿ ಗುಂಡಿಯ ತಳದಲ್ಲಿ ತೆಂಗಿನ ಸಿಪ್ಪೆಯನ್ನು ಗುಳಿ ಮೇಲೆ ಬರುವಂತೆ ಎರಡು ಸಾಲು ಜೋಡಿಸಿ. ಹೊಳೆಯ ಉಪ್ಪುನೀರಲ್ಲಿ ಕೊಳೆಹಾಕಿದ ಸಿಪ್ಪೆ ಬೇಡವೇ ಬೇಡ. ಆಟಿಯ (ಜುಲೈ-ಆಗಸ್ಟ್) ಮಳೆಗೆ ಗುಂಡಿಯಲ್ಲಿ ನೀರು ನಿಲ್ಲುವ ಜಾಗವಾದರೆ ಗುಂಡಿ ಬಿಟ್ಟು ಎರಡು ಅಡಿ ದಿಬ್ಬ ಮಾಡಿ, ಅದರ ಮೇಲೆ ನೆಡಿ.