ಬೊಂಡಾಸಿನ ಹೊಟ್ಟೆಯೊಳಗೆ ದೀಪ

ಮಲಾಡ್ ಮಾರ್ಕೆಟ್ಟಿನಿಂದ ಇವತ್ತು ಬೊಂಡಾಸ್ (ಸ್ಕ್ವಿಡ್) ತಂದಿದ್ದೆ. ಅಮ್ಮ ಕ್ಲೀನ್ ಮಾಡ್ತಾ, ಮಸಿ ಚೀಲವನ್ನು ಒಡೆಯದ ಹಾಗೆ ಎರಡೇ ಬೆರಳಲ್ಲಿ ಮೆಲ್ಲಗೆ ಎಳೆದರು. ಬೆಳ್ಳಿ ಹೊಳಪಿನ ಪುಟ್ಟ ಚೀಲ.

ಹವಾಯಿ ಕಡಲಲ್ಲಿ ಇದರದ್ದೇ ಒಂದು ಪುಟಾಣಿ ನೆಂಟ ಇದೆ. ಅದಕ್ಕೆ ಆ ಮಸಿ ಚೀಲಕ್ಕೆ ತಾಗಿಕೊಂಡೇ ದೀಪವೂ ಇದೆ! ಉರಿಸುವುದು ವಿಬ್ರಿಯೊ ಫಿಶೆರಿ ಅನ್ನುವ ಬ್ಯಾಕ್ಟೀರಿಯಾ.

ಒಂದೆರಡೇ ಇದ್ದರೆ ಇವು ಬೆಳಗುವುದಿಲ್ಲ. ಪ್ರತಿಯೊಂದೂ ಒಂದು ರಾಸಾಯನಿಕವನ್ನು ಸ್ವಲ್ಪ ಸ್ವಲ್ಪ ಹೊರಗೆ ಬಿಡುತ್ತಲೇ ಇರುತ್ತದೆ. ಗುಂಪು ಬೆಳೆದಂತೆ ಅದೂ ಜಾಸ್ತಿಯಾಗುತ್ತದೆ. ಒಂದು ಮಟ್ಟ ದಾಟಿದರೆ ಸಾಕು, ಎಲ್ಲವೂ ಒಟ್ಟಿಗೆ ಬೆಳಗುತ್ತವೆ. ಬೆಳದಿಂಗಳಲ್ಲಿ ಈಜುವ ಆ ಜೀವಿಯ ನೆರಳು ಕೆಳಗಿದ್ದವರಿಗೆ ಕಾಣದ ಹಾಗೆ ಈ ಬೆಳಕು ಮರೆಮಾಡುತ್ತದೆ. ಬೆಳಗಾಗುತ್ತಲೇ ಆ ಜೀವಿ ಶೇ. 90ರಷ್ಟು ಬ್ಯಾಕ್ಟೀರಿಯಾವನ್ನು ಹೊರಗೆ ಚೆಲ್ಲುತ್ತದೆ. ಉಳಿದವು ರಾತ್ರಿಯೊಳಗೆ ಮತ್ತೆ ಗುಂಪು ಕಟ್ಟುತ್ತವೆ.

1970ರಲ್ಲೇ ವಿಜ್ಞಾನಿಗಳು ಈ ಲೆಕ್ಕಾಚಾರದ ಬಗ್ಗೆ ಬರೆದಿದ್ದರು. ಕಣ್ಣಿಲ್ಲ, ಕಿವಿಯಿಲ್ಲ, ಆದರೂ ಸುತ್ತ ಎಷ್ಟು ಜನ ಇದ್ದಾರೆ ಅಂತ ಗೊತ್ತು. ಎಂಥ ಅದ್ಭುತ ಅಲ್ವಾ?

ಕಾಲರಾ ಬ್ಯಾಕ್ಟೀರಿಯಾದ್ದು ಉಲ್ಟಾ. ಗುಂಪು ದೊಡ್ಡದಾದ ಮೇಲೆ ದಾಳಿ ನಿಲ್ಲಿಸಿ, ಕರುಳು ಬಿಟ್ಟು ಹೊರಡುತ್ತವೆ. ಈ ಮಾತುಕತೆಯನ್ನೇ ಕೆಡಿಸಿ ರೋಗ ತಡೆಯುವ ದಾರಿಯನ್ನು ಈಗ ಹುಡುಕುತ್ತಿದ್ದಾರೆ. ಅದು ಬೇಗ ಸಿಗಲಿ.